ಒಂದೇ ಕಾರ್ಖಾನೆ, ನಾಲ್ಕು ತಲೆಲೆಕ್ಕ

2018ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹೊರಗಿನ ಒಂದು ಕಾರ್ಖಾನೆಯಿಂದ ನನಗೆ ಫೋನ್ ಬಂತು. "ನಮ್ಮ ಹುಡುಗರ ಇಂಗ್ಲಿಷ್ ಸ್ವಲ್ಪ ವೀಕು ಸರ್. ಮೇಲ್ ಬರೆಯೋದು ಹೇಳ್ಕೊಡಿ. ಆರು ಶನಿವಾರ ಸಾಕು." ಆಫೀಸ್ ಇಂಗ್ಲಿಷ್ ಕಲಿಸುವುದೇ ನನ್ನ ಹೊಟ್ಟೆಪಾಡು. ಇಂಥ ಫೋನುಗಳು ಹೊಸದಲ್ಲ. ಡಿಯರ್ ಸರ್ ಯಾವಾಗ, ರಿಗಾರ್ಡ್ಸ್ ಯಾವಾಗ ಅಂತ ಹೇಳಿಕೊಟ್ಟು ಬಂದರಾಯಿತು ಅಂದುಕೊಂಡೇ ಹೋದೆ. ಅಲ್ಲಿ ಸಿಕ್ಕಿದ್ದು ಇಂಗ್ಲಿಷಿನ ತಕರಾರೇ ಅಲ್ಲ. ಜನರನ್ನು ಎಣಿಸುವ ತಕರಾರು.

ಕಾರ್ಖಾನೆಯ ಹೆಸರು, ಜಾಗ ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಅಂಕಿಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ಆದರೆ ಕೂಡಿ ಕಳೆದರೆ ಲೆಕ್ಕ ಸರಿಹೋಗುವ ಹಾಗೆ ನೋಡಿಕೊಂಡಿದ್ದೇನೆ.

ಯಾರ್ಯಾರು ಇದ್ದರು

ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆ. ಮೂಲ ಕಂಪನಿ ಜರ್ಮನಿಯಲ್ಲಿ. ಎರಡು ಪಾಳಿ, ವಾರಕ್ಕೆ ಆರು ದಿನ, 48 ಗಂಟೆ ಕೆಲಸ. ಆಫೀಸಿನಲ್ಲಿ ಕಾಯಂ ಜನ 46. ಉತ್ಪಾದನೆಯ ಲೈನಿನಲ್ಲಿ ಕಾಯಂ ಕಾರ್ಮಿಕರು 138. ಎರಡು ವರ್ಷ, ಮೂರು ವರ್ಷ ಅಂತ ಅವಧಿ ಗೊತ್ತುಮಾಡಿ ತಗೊಂಡವರು 32. ಐಟಿಐ ಮುಗಿಸಿ ಬಂದ ಅಪ್ರೆಂಟಿಸ್ ಹುಡುಗರು 18. ಇವರೆಲ್ಲರ ಜೊತೆಗೆ ಗುತ್ತಿಗೆದಾರನ ಕಡೆಯಿಂದ ಲೈನಿಗೆ ಬರುವ ಜನ. ಅವರು ಎಷ್ಟು ಅನ್ನುವುದೇ ಮುಂದೆ ದೊಡ್ಡ ಪ್ರಶ್ನೆ ಆಗುತ್ತದೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನ್ ಸೇರಿ ಇನ್ನೂ 22. ಕೊನೆಗೆ ಜರ್ಮನಿಯಿಂದ ಬಂದು ಒಂದು ವರ್ಷಕ್ಕೆ ಇಲ್ಲೇ ಕೂತಿದ್ದ ಇಬ್ಬರು ಇಂಜಿನಿಯರುಗಳು. ಅವರ ಸಂಬಳ ಅಲ್ಲಿಂದಲೇ ಬರುತ್ತಿತ್ತು.

ಒಂದೇ ಗೇಟಿನಲ್ಲಿ ಒಳಗೆ ಹೋಗಿ, ಒಂದೇ ಕ್ಯಾಂಟೀನಿನಲ್ಲಿ ಅನ್ನ ಸಾರು ತಿನ್ನುವ ಜನ ಇವರೆಲ್ಲ. ಕಾಗದದ ಮೇಲೆ ಮಾತ್ರ ಏಳು ಜಾತಿ.

ಮೇಲ್‌ಗಳು

ಹೊಸ ಲೈನ್ ಒಂದನ್ನು ಹಾಕಬೇಕಿತ್ತು. ಅದಕ್ಕೆ 24 ಜನ ಬೇಕು ಅಂತ ಪ್ರೊಡಕ್ಷನ್ ಮ್ಯಾನೇಜರ್ ಕೇಳಿದ್ದರು. ಜರ್ಮನಿಯಿಂದ ಎಂದಿನಂತೆ ಒಂದು ಎಕ್ಸೆಲ್ ಶೀಟ್ ಬಂತು. ಅದರಲ್ಲಿ ಎರಡು ಕಾಲಂ. ಒಂದು ಹೆಡ್‌ಕೌಂಟ್, ಅಂದರೆ ತಲೆಲೆಕ್ಕ. ಇನ್ನೊಂದು ಎಫ್‌ಟಿಇ.

ಎಚ್‌ಆರ್‌ನಲ್ಲಿದ್ದ ಯುವತಿ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಚುರುಕು. ಹೆಡ್‌ಕೌಂಟ್ ಕಾಲಂ ತುಂಬಿ ಮೇಲ್‌ನಲ್ಲಿ ಒಂದು ಸಾಲು ಬರೆದಳು: "ಅವರ್ ಸ್ಟ್ರೆಂತ್ ಈಸ್ 184." ನಮ್ಮ ಕಿವಿಗೆ ಇದು ಸಹಜ, ಅಲ್ವಾ? ಕ್ಲಾಸ್ ಸ್ಟ್ರೆಂತ್ ಎಷ್ಟು, ಸ್ಕೂಲ್ ಸ್ಟ್ರೆಂತ್ ಎಷ್ಟು ಅಂತ ಕೇಳುತ್ತಲೇ ಬೆಳೆದವರು ನಾವು. ಸರ್ಕಾರಿ ಕಚೇರಿಯಲ್ಲಂತೂ ಸ್ಯಾಂಕ್ಷನ್ಡ್ ಸ್ಟ್ರೆಂತ್, ವರ್ಕಿಂಗ್ ಸ್ಟ್ರೆಂತ್ ಅನ್ನದೆ ಒಂದು ಫೈಲೂ ಮುಂದೆ ಹೋಗುವುದಿಲ್ಲ. ಇಂಗ್ಲಿಷಿನವರ ಸೈನ್ಯದಲ್ಲೂ ಈ ಮಾತಿದೆ, ತಪ್ಪೇನಲ್ಲ. ಆದರೆ ಜರ್ಮನಿಯಲ್ಲಿ ಕೂತು ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿತವರಿಗೆ ಸ್ಟ್ರೆಂತ್ ಅಂದರೆ ಬಲ, ಅಷ್ಟೇ. ಅಲ್ಲಿಂದ ಒಂದು ಸಾಲಿನ ಉತ್ತರ ಬಂತು: "184 ಏನು?"

ಇನ್ನೊಂದು ಸಂಗತಿ ಆಮೇಲೆ ಗೊತ್ತಾಯಿತು. ಆ ಕಾರ್ಖಾನೆಯಲ್ಲಿ ಸ್ಟ್ರೆಂತ್ ಅಂದರೆ ಕಾಯಂ ಜನ ಮಾತ್ರ. ಯೂನಿಯನ್ ಜೊತೆಗಿನ ಹಳೇ ಒಪ್ಪಂದದಲ್ಲಿ ಹಾಗೇ ಬರೆದಿತ್ತು. 46ಕ್ಕೆ 138 ಕೂಡಿಸಿದರೆ 184. ಅವಳ ಲೆಕ್ಕ ಪಕ್ಕಾ ಇತ್ತು.

ಅದೇ ವಾರ ಅಕೌಂಟ್ಸ್‌ನಿಂದ ಬೇರೆ ಒಂದು ಶೀಟ್ ಹೋಯಿತು. ಅದರಲ್ಲಿ 234. ಬ್ಯಾಂಕಿಗೆ ಎಷ್ಟು ಜನರ ಹೆಸರಿಗೆ ದುಡ್ಡು ಕಳಿಸುತ್ತೇವೋ ಅಷ್ಟು. ಅವಧಿಯ ಮೇಲಿನ 32 ಜನ, ಸ್ಟೈಪೆಂಡ್ ತಗೊಳ್ಳುವ 18 ಅಪ್ರೆಂಟಿಸ್‌ಗಳು, ಎಲ್ಲರೂ ಸೇರಿದರು. ಇದೂ ಪಕ್ಕಾ.

ಎಫ್‌ಟಿಇ ಕಾಲಂ ಖಾಲಿ ಇದೆ ಅಂತ ಜರ್ಮನಿಯವರು ನೆನಪಿಸಿದರು. ಅವತ್ತು ಹುಡುಗಿ ರಜೆ. ಕಾರ್ಮಿಕ ಕಾನೂನಿನ ಕಾಗದ ಪತ್ರ ನೋಡಿಕೊಳ್ಳುವ ಕನ್ಸಲ್ಟೆಂಟ್ ಒಬ್ಬರು ಆಫೀಸಿಗೆ ಬಂದಿದ್ದರು. ಅವರನ್ನೇ ಕೇಳಿದರು. ಅವರು ಥಟ್ಟನೆ "32" ಅಂದರು. ಅವರ ಬಾಯಲ್ಲಿ ಎಫ್‌ಟಿಇ ಅಂದರೆ ಫಿಕ್ಸೆಡ್ ಟರ್ಮ್ ಎಂಪ್ಲಾಯ್‌ಮೆಂಟ್. ಕೇಂದ್ರ ಸರ್ಕಾರ 2016ರಲ್ಲಿ ಬಟ್ಟೆ ಹೊಲಿಯುವ ಉದ್ಯಮಕ್ಕೆ, 2018ರ ಮಾರ್ಚ್‌ನಲ್ಲಿ ಉಳಿದ ಉದ್ಯಮಗಳಿಗೂ ಅವಧಿಯ ನೌಕರಿಗೆ ದಾರಿ ಮಾಡಿಕೊಟ್ಟು ನಿಯಮ ತಿದ್ದಿತ್ತು. ಆ ವರ್ಷವೆಲ್ಲ ಅವರ ವಲಯದಲ್ಲಿ ಅದೇ ಮಾತು. ಎಫ್‌ಟಿಇ ಅಂದರೆ ಅವರಿಗೆ ಬೇರೆ ಅರ್ಥ ಹೊಳೆಯಲೇ ಇಲ್ಲ.

ಜರ್ಮನಿಯವರ ಶೀಟ್‌ನಲ್ಲಿ ಅದು ಫುಲ್ ಟೈಮ್ ಇಕ್ವಿವಲೆಂಟ್. ಅಂದರೆ ಎಲ್ಲರ ಕೆಲಸದ ಹೊತ್ತನ್ನೂ ಕೂಡಿಸಿದರೆ ಎಷ್ಟು ಪೂರ್ಣಾವಧಿ ಜನರ ಕೆಲಸ ಆಗುತ್ತದೆ ಅನ್ನುವ ಲೆಕ್ಕ. ಈಗ ಅವರ ಕಣ್ಣಿಂದ ನೋಡಿ. ಹೆಡ್‌ಕೌಂಟ್ 184, ಎಫ್‌ಟಿಇ 32. ವಾರಕ್ಕೆ ಆರು ದಿನದ ಕಾರ್ಖಾನೆಯಲ್ಲಿ ಒಬ್ಬೊಬ್ಬರು ಒಂದೇ ದಿನ ಬಂದು ಹೋಗುತ್ತಾರೆ ಅಂತ ಆಯಿತು!

ಕೊನೆಗೆ ಪ್ರೊಡಕ್ಷನ್ ಮ್ಯಾನೇಜರ್ ಸಿಟ್ಟಿಗೆದ್ದು ಎಲ್ಲರಿಗೂ ಕಾಣುವ ಹಾಗೆ ಒಂದು ಮೇಲ್ ಹಾಕಿದರು. 361 ಜನ ಇದ್ದರೂ ನನಗೆ ಜನ ಸಾಲುತ್ತಿಲ್ಲ, 24 ಹೆಡ್‌ಕೌಂಟ್ಸ್ ಬೇಗ ಕೊಡಿ ಅಂತ. 361 ಎಲ್ಲಿಂದ ಬಂತು? ಗೇಟಿನಲ್ಲಿ ಸೆಕ್ಯುರಿಟಿಯವರು ಆ ತಿಂಗಳು ಕೊಟ್ಟಿದ್ದ ಪಾಸ್‌ಗಳ ಲೆಕ್ಕ.

ಹತ್ತು ದಿನದಲ್ಲಿ 184, 234, 32, 361. ಜರ್ಮನಿಯಲ್ಲಿ ಕೂತವರು ಏನು ಮಾಡಬೇಕು? ಹೊಸ ಲೈನಿನ ಮಂಜೂರಾತಿ ತಡೆಹಿಡಿದರು. ಈಗ ಇರುವವರು ಎಷ್ಟು ಜನ ಅಂತಲೇ ಹೇಳಲಾರದವರಿಗೆ ಇನ್ನೂ 24 ಜನ ಯಾಕೆ ಅನ್ನುವುದು ಅವರ ಮೇಲ್‌ನ ಧಾಟಿ. ಕಾರ್ಖಾನೆಯ ಜನರಲ್ ಮ್ಯಾನೇಜರ್, ಅಂದರೆ ಜಿಎಂ, ಅದನ್ನು ಓದಿ ತೀರ್ಮಾನಕ್ಕೆ ಬಂದರು: ಹುಡುಗರ ಇಂಗ್ಲಿಷ್ ವೀಕು.

ಟರ್ನೋವರ್ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ವರ್ಷದ ಟರ್ನೋವರ್ ಎಷ್ಟು ಅಂತ ಎಚ್‌ಆರ್ ವಿಭಾಗಕ್ಕೆ ಒಂದು ಪ್ರಶ್ನೆ ಬಂದಿತ್ತು. ಕೆಲಸ ಬಿಟ್ಟು ಹೋದವರು ಶೇಕಡಾ ಎಷ್ಟು ಅಂತ ಅದರ ಅರ್ಥ. ನಮ್ಮಲ್ಲಿ ಟರ್ನೋವರ್ ಅಂದರೆ ವ್ಯಾಪಾರ, ವಹಿವಾಟು. ಬಿಟ್ಟುಹೋಗುವುದಕ್ಕೆ ಅಟ್ರಿಷನ್ ಅನ್ನುತ್ತೇವೆ. ಹೀಗಾಗಿ ಉತ್ತರ ಕೋಟಿ ರೂಪಾಯಿಗಳಲ್ಲಿ ಹೋಯಿತು. ಇದನ್ನು ಹೇಳುವಾಗ ಆ ಹುಡುಗಿ ನಗುತ್ತಿದ್ದಳು, ಆದರೆ ಕಿವಿ ಕೆಂಪಾಗಿತ್ತು.

ನಾನು ಮೊದಲು ಮಾಡಿದ್ದು

ಮೊದಲ ಎರಡು ಶನಿವಾರ ನಾನು ಮಾಡಿದ್ದು ಪಾಠ. 22 ಪದಗಳ ಒಂದು ಪಟ್ಟಿ, ಪಕ್ಕದಲ್ಲಿ ಅರ್ಥ. ಹೆಡ್‌ಕೌಂಟ್ ಅಂದರೆ ಸಂಸ್ಥೆಯ ಒಟ್ಟು ಉದ್ಯೋಗಿಗಳ ಸಂಖ್ಯೆ. ವರ್ಕ್‌ಫೋರ್ಸ್ ಅಂದರೆ ಇದು, ಪರ್ಸನೆಲ್ ಅಂದರೆ ಅದು. ಬ್ಯಾಕ್‌ಫಿಲ್ ಅಂದರೆ ಬಿಟ್ಟುಹೋದವರ ಜಾಗಕ್ಕೆ ತುಂಬುವುದು, ಹೊಸ ಹುದ್ದೆ ಅಲ್ಲ. ಸ್ಟಾಫ್ ಅನ್ನುವುದಕ್ಕೆ ಸ್ಟಾಫ್ಸ್ ಅನ್ನಬೇಡಿ, ಜನರನ್ನು ಕೇಳುವಾಗ ಹೆಡ್‌ಕೌಂಟ್‌ಗೆ ಎಸ್ ಹಚ್ಚಬೇಡಿ, ಪರ್ಸನೆಲ್‌ಗೂ ಬೇಡ, ಹತ್ತು ಮ್ಯಾನ್‌ಪವರ್ ಬೇಕು ಅಂತ ಬರೆಯಬೇಡಿ. ಹತ್ತು ಜನ ಬೇಕು ಅಂದರೆ ಟೆನ್ ಪೀಪಲ್, ಅಷ್ಟೇ ಸಾಕು. ಎಲ್ಲ ಸರಿಯಾದ ಮಾತೇ. ಪರೀಕ್ಷೆ ಇಟ್ಟೆ. ಎಲ್ಲರಿಗೂ ಒಳ್ಳೇ ಮಾರ್ಕ್ಸ್ ಬಂತು.

ಸ್ಟಾಫ್ ಅನ್ನುವಲ್ಲಿ ಸ್ವಲ್ಪ ಗಲಾಟೆ ಆಯಿತು. ನಮ್ಮ ಕಾರ್ಖಾನೆಗಳಲ್ಲಿ ಸ್ಟಾಫ್ ಬೇರೆ, ವರ್ಕರ್ ಬೇರೆ. ಸ್ಟಾಫ್ ಬಸ್ಸು ಬೇರೆ, ಕ್ಯಾಂಟೀನಿನಲ್ಲಿ ಸ್ಟಾಫ್ ಟೇಬಲ್ಲೂ ಬೇರೆ. ಹೊರಗಿನ ಇಂಗ್ಲಿಷಿನಲ್ಲಿ ಸ್ಟಾಫ್ ಅಂದರೆ ಹೆಚ್ಚಾಗಿ ಎಲ್ಲರೂ. "ಹಾಗಾದ್ರೆ ಆಲ್ ಸ್ಟಾಫ್ ಅಂತ ಬಂದ ಮೇಲ್‌ಗಳನ್ನ ನಾವು ಇಷ್ಟು ದಿನ 46 ಜನಕ್ಕೆ ಮಾತ್ರ ಕಳಿಸಿದ್ವಲ್ಲ?" ಅಂತ ಒಬ್ಬರು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

ಎಫ್‌ಟಿಇ ಬಂದಾಗ ಎಚ್‌ಆರ್ ಹುಡುಗಿ ಕೈ ಎತ್ತಿದಳು. "ಸರ್, ನನ್ನ ಫ್ರೆಂಡ್ಸ್ ಎಲ್ಲ ಐಟಿ ಕಂಪನಿಯಲ್ಲಿದ್ದಾರೆ. ಅಲ್ಲಿ ಎಫ್‌ಟಿಇ ಅಂದ್ರೆ ಫುಲ್ ಟೈಮ್ ಎಂಪ್ಲಾಯಿ. ಇಂಟರ್ನ್‌ಶಿಪ್ ಮುಗೀತು, ಎಫ್‌ಟಿಇ ಆಫರ್ ಬಂತು ಅಂತಾರೆ." ನಾನು "ಅದು ತಪ್ಪು ಬಳಕೆ" ಅಂದುಬಿಟ್ಟೆ. ಈ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಬೆಂಗಳೂರಿನ ಅಷ್ಟೂ ಐಟಿ ಜನ ದಿನಾ ಆಡುವ ಮಾತು ತಪ್ಪು ಹೇಗಾಗುತ್ತದೆ? ಮೂರು ಕಡೆ ಮೂರು ಅರ್ಥ ಚಾಲ್ತಿಯಲ್ಲಿವೆ. ಮೂರೂ ಸರಿ. ತಕರಾರು ಇದ್ದದ್ದೇ ಅಲ್ಲಿ, ನಾನು ಅದನ್ನು ಸುಮ್ನೆ ತಳ್ಳಿಹಾಕಿದೆ.

ಸೋಮವಾರ ಶೀಟ್ ಮತ್ತೆ ತುಂಬಿದರು. ಈ ಸಲ ಎಚ್‌ಆರ್ 216, ಅಕೌಂಟ್ಸ್ 234. ನಾನು ಕೊಟ್ಟ ಅರ್ಥ ಇಬ್ಬರ ಹತ್ತಿರವೂ ಇತ್ತು: ಒಟ್ಟು ಉದ್ಯೋಗಿಗಳ ಸಂಖ್ಯೆ. ಉದ್ಯೋಗಿ ಅಂದರೆ ಯಾರು? ಅಪ್ರೆಂಟಿಸ್ ಹುಡುಗ ಉದ್ಯೋಗಿಯೋ ಅಲ್ಲವೋ? ಅದು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ತಲೆನಾ, ಆಳಾ?

ಮೂರನೇ ಶನಿವಾರಕ್ಕೆ ಪುಸ್ತಕ ಬೇಡ, ನಿಮ್ಮ ನಿಮ್ಮ ರಿಜಿಸ್ಟರ್ ತಗೊಂಡು ಬನ್ನಿ ಅಂದೆ. ಇದು ನನಗೆ ಹೊಳೆದ ದೊಡ್ಡ ಉಪಾಯ ಅಂತಲ್ಲ, ಬೇರೆ ದಾರಿ ತೋಚಲಿಲ್ಲ. ಮಸ್ಟರ್ ರೋಲ್ ಅಂದರೆ ಹಾಜರಿ ಪುಸ್ತಕ ಬಂತು, ಸಂಬಳದ ಶೀಟ್ ಬಂತು, ಗೇಟ್ ಪಾಸ್ ಪುಸ್ತಕ ಬಂತು, ಗುತ್ತಿಗೆದಾರನ ಬಿಲ್ ಬಂತು. ಜೊತೆಗೆ ಟೈಮ್ ಆಫೀಸಿನ ಹಿರಿಯರೊಬ್ಬರು ಬಂದರು. ಮಂಡ್ಯ ಕಡೆಯವರು. ರಿಟೈರ್ ಆಗಲು ಎರಡು ವರ್ಷ ಇತ್ತು. ಅವರಿಗೆ ಇಂಗ್ಲಿಷ್ ಕ್ಲಾಸಿನಲ್ಲಿ ಆಸಕ್ತಿ ಇರಲಿಲ್ಲ, ರಿಜಿಸ್ಟರ್ ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಅದಕ್ಕೇ ಕೂತರು.

ಅರ್ಧ ಗಂಟೆ ನಮ್ಮ ಜಗ್ಗಾಟ ನೋಡಿ ಕೇಳಿದರು. "ಮೇಷ್ಟ್ರೇ, ಒಂದ್ ಮಾತು. ಆ ಜರ್ಮನಿಯೋರು ಕೇಳ್ತಿರೋದು ತಲೆನಾ, ಆಳಾ?"

ನನಗೆ ತಕ್ಷಣ ಅರ್ಥ ಆಗಲಿಲ್ಲ.

"ನೋಡಿ, ನಮ್ಮೂರಲ್ಲಿ ಕಬ್ಬು ಕಡಿಯೋಕೆ ಬೆಳಿಗ್ಗೆ ಆರು ಜನ ಬಂದ್ರು ಅಂದ್ಕೊಳ್ಳಿ. ಇಬ್ರು ಮಧ್ಯಾಹ್ನಕ್ಕೇ ಹೊರಟ್ರು. ಊಟ ಎಷ್ಟ್ ಜನಕ್ಕೆ ಮಾಡ್ಸಿರ್ತೀವಿ? ಆರು ಜನಕ್ಕೆ. ಕೂಲಿ ಎಷ್ಟ್ ಆಳಿಗೆ ಕೊಡ್ತೀವಿ? ಐದು ಆಳಿಗೆ. ತಲೆ ಆರು, ಆಳು ಐದು. ಜಗಳ ಯಾಕೆ?"

ಎಚ್‌ಆರ್ ಹುಡುಗಿ ಪೆನ್ನು ಕೆಳಗಿಟ್ಟಳು. ನಾನು ಎರಡು ವಾರ ಬೋರ್ಡಿನ ಮೇಲೆ ಬರೆದು ಒರೆಸಿದ್ದನ್ನು ಅವರು ಒಂದು ಕಬ್ಬಿನ ಗದ್ದೆಯಲ್ಲಿ ಮುಗಿಸಿದ್ದರು. ಹೆಡ್‌ಕೌಂಟ್ ಅಂದರೆ ಊಟದ ಲೆಕ್ಕ. ಎಫ್‌ಟಿಇ ಅಂದರೆ ಕೂಲಿಯ ಲೆಕ್ಕ. ಅರ್ಧ ಆಳು ಅನ್ನುವ ಮಾತು ನಮ್ಮ ಹಳ್ಳಿಗಳಲ್ಲಿ ಎಷ್ಟು ಹಳೆಯದು! ಯಾರೂ ಅದನ್ನು ಕೇಳಿ ಗಾಬರಿ ಆಗುವುದಿಲ್ಲ, ಮನುಷ್ಯನನ್ನು ಅರ್ಧ ಮಾಡಿದರು ಅಂತ ಅಂದುಕೊಳ್ಳುವುದಿಲ್ಲ. ಶೀಟ್‌ನಲ್ಲಿ 0.5 ಅಂತ ಕಂಡರೆ ಮಾತ್ರ ತಡವರಿಸುತ್ತೇವೆ. ಜರ್ಮನರಿಗೂ ಇದೇ ಎರಡು ಲೆಕ್ಕ. ಅವರ ಮಾತಿನಲ್ಲಿ ಕೋಪ್ಫ್ ಅಂದರೆ ತಲೆ, ತಲೆಗಳನ್ನು ಎಣಿಸುವುದು ಒಂದು. ಪೂರ್ಣಾವಧಿಗೆ ಸಮ ಅನ್ನುವುದು ಇನ್ನೊಂದು.

"ಹಾಗಾದ್ರೆ ಆ ಇಬ್ರು ಜರ್ಮನ್ ಇಂಜಿನಿಯರು ಯಾವ ಲೆಕ್ಕ ಅಂಕಲ್?" ಅಂದಳು ಹುಡುಗಿ.

"ಅವ್ರು ಮುಯ್ಯಾಳು ಕಣಮ್ಮ. ಊಟ ಇಲ್ಲಿ, ಮನೆ ಅಲ್ಲಿ."

ಎಲ್ಲರೂ ನಕ್ಕರು. ಆದರೆ ಸೆಕಂಡ್‌ಮೆಂಟ್ ಅನ್ನುವ ಪದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಸಾಲ ಕೊಟ್ಟ ಆಳು. ಇಲ್ಲಿ ಎಣಿಸಿದರೆ ಅಲ್ಲಿ ಬಿಡಬೇಕು, ಇಲ್ಲದಿದ್ದರೆ ಒಬ್ಬನೇ ಎರಡು ಸಲ ಲೆಕ್ಕಕ್ಕೆ ಬರುತ್ತಾನೆ.

ಆಮೇಲೆ ಗುತ್ತಿಗೆದಾರನ ಬಿಲ್ ಬಿಚ್ಚಿದೆವು. ಆ ತಿಂಗಳ ಲೈನಿನ ಬಿಲ್ 2,184 ಮ್ಯಾನ್‌ಡೇಸ್. ಒಬ್ಬರ ಒಂದು ದಿನದ ಕೆಲಸ ಅಂದರೆ ಒಂದು ಮ್ಯಾನ್‌ಡೇ. ತಿಂಗಳಿಗೆ 26 ಕೆಲಸದ ದಿನ. ಭಾಗಿಸಿದರೆ 84. ಗುತ್ತಿಗೆ ಜನ ಎಷ್ಟು ಅಂತ ಯಾರು ಕೇಳಿದರೂ ಕಾರ್ಖಾನೆಯಲ್ಲಿ 84 ಅನ್ನುತ್ತಿದ್ದರು. ಹಿರಿಯರು ಮಸ್ಟರ್ ರೋಲ್‌ನಲ್ಲಿ ಬೆರಳಿಟ್ಟು ಹೆಸರು ಎಣಿಸಿದರು. 103. ಅಂದರೆ 84 ಆಳು, 103 ತಲೆ. ಕೆಲವರು ಒಂಬತ್ತು ದಿನ ಬಂದು ಬಿಟ್ಟಿದ್ದರು, ಅವರ ಜಾಗಕ್ಕೆ ಬೇರೆಯವರು ಬಂದಿದ್ದರು. ಗೇಟಿನ 361ರ ಗುಟ್ಟೂ ಬಿಚ್ಚಿಕೊಂಡಿತು. ನಮ್ಮವರು 216, ಅಪ್ರೆಂಟಿಸ್ 18, ಲೈನಿನ ಗುತ್ತಿಗೆ 103, ಸೆಕ್ಯುರಿಟಿ ಇತ್ಯಾದಿ 22, ಮುಯ್ಯಾಳು 2. ಕೂಡಿಸಿ ನೋಡಿ.

ನಾಲ್ಕೂ ಸಂಖ್ಯೆ ಸರಿ ಇದ್ದವು. ಸುಳ್ಳು ಹೇಳಿದವರು ಯಾರೂ ಇರಲಿಲ್ಲ, ಲೆಕ್ಕ ತಪ್ಪಿದವರೂ ಇರಲಿಲ್ಲ.

ಕಾನೂನಿಗೂ ಅದರದೇ ತಲೆ

ಇಲ್ಲಿ ಕನ್ಸಲ್ಟೆಂಟ್ ಕೂಡ ಒಂದು ಒಳ್ಳೆಯ ಕೆಲಸ ಮಾಡಿದರು. ಅವರ 32 ನೋಡಿ ಎಲ್ಲರೂ ನಕ್ಕಿದ್ದರು. ನಾಲ್ಕನೇ ಶನಿವಾರ ಅವರನ್ನೂ ಕರೆದೆವು. ಕಾನೂನು ಜನರನ್ನು ಹೇಗೆ ಎಣಿಸುತ್ತದೆ ಅಂತ ಅವರು ಹೇಳಿದ್ದು ನನಗೂ ಹೊಸದು.

ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಲ್ಲಿ ಕಾರ್ಮಿಕ ಅಂದರೆ ಗುತ್ತಿಗೆದಾರನ ಮೂಲಕ ಬಂದವನೂ ಸೇರಿದ್ದ. 250ಕ್ಕಿಂತ ಜಾಸ್ತಿ ಕಾರ್ಮಿಕರಿದ್ದರೆ ಕ್ಯಾಂಟೀನ್, 500 ಮುಟ್ಟಿದರೆ ವೆಲ್ಫೇರ್ ಆಫೀಸರ್ ಇರಬೇಕಿತ್ತು. ಹೀಗೆ ಕಟ್ಟಳೆ ಬರುವಾಗ ನಮ್ಮವರು 216 ಮಾತ್ರ ಅಂತ ಹೇಳಿ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಆದರೆ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಹುಡುಗ ಕಲಿಯುವವನು, ಕಾರ್ಮಿಕ ಅಲ್ಲ. ಅದೇ ಹುಡುಗ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಗೆ ಬಂದರೆ ಉದ್ಯೋಗಿ! ಅಲ್ಲಿ ಗುತ್ತಿಗೆಯವರು, ಟ್ರೈನಿಗಳು, ಸಂಬಳವಿಲ್ಲದೆ ಕೆಲಸ ಮಾಡುವವರು, ಎಲ್ಲರೂ ಉದ್ಯೋಗಿಗಳೇ. ಬಲೆ ದೊಡ್ಡದಾಗಿ ಬೀಸಿದ್ದಾರೆ, ಬೀಸಬೇಕಾದ್ದೇ.

ಒಬ್ಬ ಹುಡುಗ, ಒಂದೇ ಮೆಷಿನ್ ಮುಂದೆ ನಿಂತಿದ್ದಾನೆ. ಒಂದು ಪುಸ್ತಕದಲ್ಲಿ ಇದ್ದಾನೆ, ಇನ್ನೊಂದರಲ್ಲಿ ಇಲ್ಲ. ಅಕೌಂಟ್ಸ್‌ನವರು ಇದನ್ನು ಕೇಳಿ "ಹಾಗಾದ್ರೆ ನಮ್ಮ 234 ಕೂಡ ಒಂದು ಕಾಯ್ದೆ ಇದ್ದಂಗೆ" ಅಂದರು.

ಕಳಿಸಬೇಕೋ, ಕೇಳಬೇಕೋ

ಈಗ ಎಲ್ಲರಿಗೂ ಎಲ್ಲ ಸಂಖ್ಯೆ ಗೊತ್ತು. ಜರ್ಮನಿಗೆ ಯಾವುದನ್ನು ಕಳಿಸುವುದು?

ಅಕೌಂಟ್ಸ್‌ನ ಒಬ್ಬ ಹುಡುಗ ಎಫ್‌ಟಿಇ ಲೆಕ್ಕ ಹಾಕಿಕೊಂಡು ಬಂದ. 216ರಲ್ಲಿ ಮೂವರು ಹೆರಿಗೆ ರಜೆಯಲ್ಲಿದ್ದರು. ರಜೆ 26 ವಾರ, ಹಾಗಾಗಿ ಆ ವರ್ಷ ವಾಪಸ್ ಬರುವ ಹಾಗಿರಲಿಲ್ಲ. ಹೆರಿಗೆ ರಜೆ ಮುಗಿಸಿ ಬಂದ ನಾಲ್ವರು ಆಫೀಸಿನಲ್ಲಿ ಅರ್ಧ ದಿನ ಕೆಲಸ ಮಾಡುತ್ತಿದ್ದರು. ಮೂರು ಕಳೆದು, ನಾಲ್ಕು ಅರ್ಧ ಕಳೆದರೆ 211. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಜರ್ಮನಿಯ ಕಂಪನಿಯಲ್ಲಿ ವಾರಕ್ಕೆ 40 ಗಂಟೆ, ನಮ್ಮಲ್ಲಿ 48 ಅಂತ ಅವನು ಅದನ್ನು 1.2ರಿಂದ ಗುಣಿಸಿ 253.2 ಮಾಡಿದ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದು ಹೋಗಿದ್ದರೆ ಐದನೇ ಸಂಖ್ಯೆ ಆಗುತ್ತಿತ್ತು, ಮಂಜೂರಾತಿ ಇನ್ನೆರಡು ತಿಂಗಳು ಮಲಗುತ್ತಿತ್ತು.

ನಿಮ್ಮ ಲೆಕ್ಕದ ನಿಯಮ ಏನು ಅಂತ ಅವರನ್ನೇ ಕೇಳಿಬಿಡಿ ಅಂದೆ. ಜಿಎಂ ಒಪ್ಪಲಿಲ್ಲ. "ಇಷ್ಟು ವರ್ಷ ಆದ್ಮೇಲೆ ಹೆಡ್‌ಕೌಂಟ್ ಅಂದ್ರೇನು ಅಂತ ಕೇಳಿದ್ರೆ ನಮ್ಮ ಮಾನ ಹೋಗುತ್ತೆ ಸರ್." ಅವರ ಮಾತಿನಲ್ಲೂ ಹುರುಳಿತ್ತು. ಈಗಾಗಲೇ ನಾಲ್ಕು ಸಂಖ್ಯೆ ಕಳಿಸಿ ಸಂಶಯ ತಂದುಕೊಂಡಿದ್ದಾರೆ. ಅದರ ಮೇಲೆ ಈ ಪ್ರಶ್ನೆ ಹೋದರೆ?

ದಾರಿ ಹುಡುಕಿದ್ದು ಎಚ್‌ಆರ್ ಹುಡುಗಿ. ಕೇಳುವುದೂ ಬೇಡ, ಬರೀ ಸಂಖ್ಯೆ ಕಳಿಸುವುದೂ ಬೇಡ. ಸಂಖ್ಯೆಯ ಹಿಂದೆ ಬಾಲ ಹಚ್ಚೋಣ ಅಂದಳು. ಅವಳ ಮೇಲ್ ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: ಅಕ್ಟೋಬರ್ 31ಕ್ಕೆ ನಮ್ಮ ಸಂಬಳದ ಪಟ್ಟಿಯಲ್ಲಿರುವ ಉದ್ಯೋಗಿಗಳು 216. ಇದರಲ್ಲಿ ಅವಧಿಯ ಮೇಲಿನ 32 ಜನ, ಹೆರಿಗೆ ರಜೆಯ 3 ಜನ ಸೇರಿದ್ದಾರೆ. ಅಪ್ರೆಂಟಿಸ್ 18, ನಿಮ್ಮಿಂದ ಬಂದಿರುವ 2 ಜನ ಸೇರಿಲ್ಲ. ಫುಲ್ ಟೈಮ್ ಇಕ್ವಿವಲೆಂಟ್ 211, ನಮ್ಮ 48 ಗಂಟೆಯ ವಾರವನ್ನು 1 ಅಂತ ಹಿಡಿದಿದ್ದೇವೆ. ಗುತ್ತಿಗೆಯವರು ಬೇರೆ: ಲೈನಿನಲ್ಲಿ 84 ಜನರ ಕೆಲಸ, ಆ ತಿಂಗಳು ಬಂದು ಹೋದವರು 103. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನ್ 22. ನೀವು ಬೇರೆ ರೀತಿ ಎಣಿಸುತ್ತಿದ್ದರೆ ತಿಳಿಸಿ, ಅದೇ ರೀತಿ ಕಳಿಸುತ್ತೇವೆ.

ಸ್ಟ್ರೆಂತ್ ಅನ್ನುವ ಪದ ಎಲ್ಲೂ ಇರಲಿಲ್ಲ. ಎಫ್‌ಟಿಇ ಅನ್ನುವ ಮೂರಕ್ಷರವೂ ಇರಲಿಲ್ಲ, ಪೂರ್ತಿ ಬಿಡಿಸಿ ಬರೆದಿದ್ದಳು. ನಾನು ತಿದ್ದಿದ್ದು ಒಂದೇ ಒಂದು ಪ್ರಿಪೊಸಿಷನ್.

103ನ್ನು ಬರೆಯಬೇಕೇ ಅಂತ ಒಂದು ಗಂಟೆ ಚರ್ಚೆ ಆಯಿತು. 84 ಸಾಕು, ಕೇಳದೆ ಇರುವುದನ್ನು ಯಾಕೆ ಹೇಳಬೇಕು ಅಂದರು ಜಿಎಂ. "ಗೇಟಿನ 361 ಆಗ್ಲೇ ಹೋಗಿದೆ ಸರ್. 103 ಹೇಳ್ದೇ ಇದ್ರೆ ಆ ಲೆಕ್ಕ ಕೂಡೋದೇ ಇಲ್ಲ" ಅಂದಳು ಅವಳು. ಟೈಮ್ ಆಫೀಸಿನ ಹಿರಿಯರು ಏನೂ ಹೇಳಲಿಲ್ಲ, ಮಸ್ಟರ್ ರೋಲ್ ಮುಚ್ಚಿ ಅದರ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಜಿಎಂ ಕೊನೆಗೆ ಹೂಂ ಅಂದರು.

ಅಲ್ಲಿಂದ ಬಂದ ಉತ್ತರ

ಎರಡು ಉತ್ತರ ಬಂದವು. ಅಲ್ಲಿನ ಫೈನಾನ್ಸ್‌ನವರು ಬರೆದರು: ಹೆಡ್‌ಕೌಂಟ್ 213 ಅಂತ ಹಾಕಿ, ದೀರ್ಘ ರಜೆಯಲ್ಲಿರುವವರನ್ನು ನಾವು ಎಣಿಸುವುದಿಲ್ಲ. ಅರ್ಧ ದಿನದ ನಂತರ ಅಲ್ಲಿನ ಪರ್ಸನೆಲ್ ವಿಭಾಗದವರು ಬರೆದರು: 216 ಸರಿ ಇದೆ, ರಜೆಯಲ್ಲಿರುವವರೂ ನಮ್ಮವರೇ. ಆಮೇಲೆ ಅವರವರೇ ಒಂದಿಷ್ಟು ದಿನ ಮೇಲ್ ಬರೆದುಕೊಂಡರು. ಇವರಿಗೆ ಕಾಪಿ ಬರುತ್ತಿತ್ತು. ಅದನ್ನು ಓದುವಾಗ ನಮ್ಮ ಕ್ಲಾಸಿನಲ್ಲಿ ಕಂಡ ಖುಷಿ ನಾನು ಕಲಿಸಿದ ಯಾವ ಪಾಠಕ್ಕೂ ಬಂದಿರಲಿಲ್ಲ. 48 ಗಂಟೆಯ ವಿಷಯ ಮಾತ್ರ ಇಬ್ಬರೂ ಒಪ್ಪಿದರು. ಆಯಾ ಊರಿನ ಪೂರ್ಣ ವಾರವೇ 1.

ಡಿಸೆಂಬರ್‌ನಲ್ಲಿ ಮಂಜೂರಾತಿ ಬಂತು. ಅದೂ ಪೂರ್ತಿ ಸಿಹಿ ಅಲ್ಲ. ಕೊಟ್ಟದ್ದು 24 ಎಫ್‌ಟಿಇ. ಅಂದರೆ 24 ಆಳು, ತಲೆ ಎಷ್ಟಾದರೂ ಇಟ್ಟುಕೊಳ್ಳಿ. ಪ್ರೊಡಕ್ಷನ್ ಮ್ಯಾನೇಜರ್‌ಗೆ ಇದು ಈಗ ಹೇಳಿಕೊಡದೆ ಅರ್ಥವಾಯಿತು. ಆದರೆ ಜೊತೆಗೊಂದು ಷರತ್ತು ಇತ್ತು. 84ರ ಜಾಗಕ್ಕೆ 103 ಜನ ಯಾಕೆ, ಒಂದೇ ತಿಂಗಳಲ್ಲಿ ಇಷ್ಟು ಜನ ಯಾಕೆ ಬಿಟ್ಟು ಹೋಗುತ್ತಿದ್ದಾರೆ ಅಂತ ಅವರು ಕೇಳಿದ್ದರು. 24ರಲ್ಲಿ 12 ಜನರನ್ನು ಈಗಿರುವ ಗುತ್ತಿಗೆ ಕಾರ್ಮಿಕರಿಂದಲೇ ಆರಿಸಿ ಕಂಪನಿಯ ಪಟ್ಟಿಗೆ ತಗೊಳ್ಳಿ ಅಂದಿದ್ದರು.

ಜಿಎಂಗೆ ಇದು ಇಷ್ಟವಾಗಲಿಲ್ಲ. ಖರ್ಚು ಜಾಸ್ತಿ ಆಯಿತು ಅಂತ ನನ್ನೆದುರೇ ಹೇಳಿದರು, 103 ಬರೆಯಬಾರದಿತ್ತು ಅಂತ ಹೇಳಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಇಡೀ ಪ್ರಕರಣದಲ್ಲಿ ನಿಜವಾಗಿ ಕೆಲಸ ಮಾಡಿದ ಸಂಖ್ಯೆ ಅದೊಂದೇ. ಉಳಿದವು ಕಾಲಂ ತುಂಬಿದವು. ಆ 103ರೊಳಗೆ ಒಬ್ಬರು ಮೂರು ಗುತ್ತಿಗೆದಾರರು ಬದಲಾದರೂ ಅದೇ ಮೆಷಿನ್ ಮುಂದೆ ಆರು ವರ್ಷದಿಂದ ನಿಂತಿದ್ದರು. ಯಾವ ವರ್ಷದ ಸ್ಟ್ರೆಂತ್‌ನಲ್ಲೂ ಅವರು ಇರಲಿಲ್ಲ. ಮಾರ್ಚ್ ಹೊತ್ತಿಗೆ 12ರಲ್ಲಿ 9 ಜನ ಪಟ್ಟಿಗೆ ಬಂದರು, ಅವರೂ ಬಂದರು. ಉಳಿದ ಮೂವರದು ಓದಿನ ಸರ್ಟಿಫಿಕೇಟಿನ ತಕರಾರು. ಅದು ಏನಾಯಿತೋ ನನಗೆ ತಿಳಿದಿಲ್ಲ.

ಆರನೇ ಶನಿವಾರ ಕ್ಲಾಸ್ ನಡೆಯಲಿಲ್ಲ, ಅವತ್ತು ಆಡಿಟ್ ಇತ್ತು. ನನ್ನ 22 ಪದಗಳ ಪಟ್ಟಿಯನ್ನು ನಾನು ಈಗ ಕೊಡುವುದಿಲ್ಲ. ಬೇರೆ ಕಡೆ ಕಲಿಸುವಾಗ ಮೊದಲು ಒಂದು ಕನ್ನಡದ ಪ್ರಶ್ನೆ ಕೇಳುತ್ತೇನೆ. ಒಂದು ಕುರ್ಚಿ, ಎರಡು ಕುರ್ಚಿ ಅನ್ನುತ್ತೀರಿ. ಒಂದು ಮನುಷ್ಯ, ಎರಡು ಮನುಷ್ಯ ಅನ್ನುತ್ತೀರಾ? ಇಲ್ಲ, ಒಬ್ಬ, ಇಬ್ಬರು, ಮೂವರು. ಜನರನ್ನು ಎಣಿಸಲು ನಮ್ಮ ಭಾಷೆ ಬೇರೆಯೇ ಸಂಖ್ಯೆ ಇಟ್ಟುಕೊಂಡಿದೆ. ಐವರು ಆದಮೇಲೆ ನಮಗೂ ಸುಸ್ತಾಗಿ ಆರು ಜನ, ಏಳು ಜನ ಅನ್ನುತ್ತೇವೆ, ಅದು ಬೇರೆ ಮಾತು. ಈ ಪ್ರಶ್ನೆಯಿಂದ ಶುರು ಮಾಡಿದರೆ ತಲೆ, ಆಳು, ಹುದ್ದೆ ಬೇರೆ ಬೇರೆ ಅಂತ ಹತ್ತು ನಿಮಿಷದಲ್ಲಿ ಅವರೇ ಹೇಳುತ್ತಾರೆ. ಹುದ್ದೆ ಖಾಲಿ ಇರಬಹುದು, ತಲೆ ಖಾಲಿ ಇರಲು ಬರುವುದಿಲ್ಲ. ಮೀಟಿಂಗ್‌ಗಳಲ್ಲಿ ಕೆಲವು ಸಲ ಅದೂ ಅನುಮಾನ, ಇರಲಿ.

2019ರ ಮಾರ್ಚ್‌ನಲ್ಲಿ ಟೈಮ್ ಆಫೀಸಿನ ಹಿರಿಯರು ಒಂದು ದಿನ ಫೋನ್ ಮಾಡಿದರು. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. ಆ ವಾರ ಕಾರ್ಖಾನೆಯಲ್ಲಿ ಬೆಂಕಿಯ ಅಣಕು ಪ್ರದರ್ಶನ ಇಟ್ಟಿದ್ದರಂತೆ. ಸೈರನ್ ಆಯಿತು, ಎಲ್ಲರೂ ಹೊರಗೆ ಬಂದು ಅಸೆಂಬ್ಲಿ ಪಾಯಿಂಟಿನಲ್ಲಿ ನಿಂತರು. ಸೇಫ್ಟಿಯವರು ಮೈಕಿನಲ್ಲಿ "ಹೆಡ್‌ಕೌಂಟ್ ಎಷ್ಟು?" ಅಂದರು.

"ಯಾರೂ 216 ಅನ್ಲಿಲ್ಲ ಮೇಷ್ಟ್ರೇ. ನಮ್ಮ ಹುಡುಗಿ ಸೀದಾ ಗೇಟಿಗೆ ಓಡಿ ರಿಜಿಸ್ಟರ್ ತಂದ್ಲು. ಈಗ ಒಳಗೆ ಇರೋರು ಎಷ್ಟು, ಅಷ್ಟೇ ಬೇಕು ಅಂದ್ಲು. ಅಪ್ರೆಂಟಿಸು, ಕ್ಯಾಂಟೀನ್‌ನೋರು, ಕೊರಿಯರ್ ಹುಡುಗ, ಎಲ್ಲಾ ಸೇರಿ 247. ನಿಂತಿದ್ದೋರು 246. ಒಂದ್ ತಲೆ ಕಮ್ಮಿ."

"ಸಿಕ್ಕಿದ್ರಾ?"

"ಲೋಡಿಂಗ್ ಹತ್ರ ಲಾರಿ ಡ್ರೈವರ್ರು. ಸೀಟಲ್ಲೇ ಮಲಗಿದ್ದ. ಸೈರನ್ ಕೇಳಿಸ್ತಂತೆ, ಊಟದ ಬೆಲ್ಲು ಅಂದ್ಕೊಂಡನಂತೆ."